ಕದಲದ ವಿಗ್ರಹ: ಅತ್ತೂರು ಇಗರ್ಜಿಯ ಇತಿಹಾಸ ಮತ್ತು ಐತಿಹ್ಯ

ಕಾರ್ಕಳ ಸಮೀಪದ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯ ಆರಂಭ 1759ರದು. ಗೋವೆಯಿಂದ ವಲಸೆ ಬಂದು ಕರಾವಳಿಯಲ್ಲಿ ಬೇಸಾಯಕ್ಕೆ ನಿಂತ ಕೊಂಕಣಿ ಕ್ಯಾಥೊಲಿಕರು ಇದರ ಒಕ್ಕಲು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಇಗರ್ಜಿಯೂ ನಾಶವಾಯಿತು. 1799ರಲ್ಲಿ ಆತನ ಪತನಾನಂತರ ಬದುಕುಳಿದವರು ಮರಳಿದರು. 1801ರಲ್ಲಿ ಹುಲ್ಲುಮಾಡಿನ ಇಗರ್ಜಿ ಎದ್ದಿತು.

ಸ್ಥಳದ ಆಯ್ಕೆಯನ್ನು ಐತಿಹ್ಯವು ಬೇರೆ ಬಗೆಯಲ್ಲಿ ವಿವರಿಸುತ್ತದೆ. ಗುರುವೂ ಭಕ್ತರೂ ಸಂತನ ಪುಟ್ಟ ಮರದ ವಿಗ್ರಹವನ್ನು ಹೊತ್ತು ತಾಣ ಅರಸುತ್ತ ಬಂದು, ಗುಡ್ಡದ ಬುಡದ ಒರತೆಯ ಬಳಿ ದಣಿವಾರಿಸಿಕೊಳ್ಳಲು ಅದನ್ನು ನೆಲಕ್ಕಿಳಿಸಿದರು. ಮತ್ತೆ ಎತ್ತಹೋದರೆ ವಿಗ್ರಹ ಕದಲಲಿಲ್ಲ. ಅಲ್ಲಿಯೇ ಇಗರ್ಜಿ ಕಟ್ಟಿಸುವುದಾಗಿ ಗುರು ಹರಕೆ ಹೊತ್ತ ಮೇಲೆ ಹಗುರವಾಯಿತು.

ನೆಲಕ್ಕಿಟ್ಟ ದೇವರು ಮೇಲೇಳದ ಈ ಆಶಯ ಕರಾವಳಿಗೆ ಹೊಸದಲ್ಲ. ಗೋಕರ್ಣದ ಆತ್ಮಲಿಂಗದ ಕಥೆಯನ್ನು ನೆನೆದರೆ ಸಾಕು. ಇದನ್ನು ಅನುಕರಣೆಯೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಎರಡು ಬಾರಿ ನೆಲೆ ತಪ್ಪಿದ ಸಮುದಾಯವೊಂದು ನೆಲದ ಮೇಲಿನ ತನ್ನ ಹಕ್ಕನ್ನು ನೆರೆಹೊರೆಗೆ ಅರ್ಥವಾಗುವ ಭಾಷೆಯಲ್ಲಿಯೇ ಮಂಡಿಸಿದೆ. ನೆರೆಹೊರೆಯೂ ಅದನ್ನು ಒಪ್ಪಿಕೊಂಡಿತೆಂಬುದಕ್ಕೆ ಜಾತ್ರೆಯೇ ಸಾಕ್ಷಿ. ಸಂತನ ಹಬ್ಬ ಬೀಳುವುದು ಆಗಸ್ಟ್ 10ರಂದು, ಮಳೆಗಾಲದಲ್ಲಿ; ಅತ್ತೂರಿನ ‘ಸಾಂತ್‌ಮಾರಿ’ಯಾದರೋ ಜನವರಿಯಲ್ಲಿ, ಸುತ್ತಲಿನ ಜಾತ್ರೆ, ಕೋಲಗಳ ಕಾಲದಲ್ಲಿಯೇ ನಡೆಯುತ್ತದೆ. 2016ರಲ್ಲಿ ಬಸಿಲಿಕದ ಮನ್ನಣೆ ದೊರೆಯುವ ಎಷ್ಟೋ ಮೊದಲಿನಿಂದ ಅನ್ಯಧರ್ಮೀಯರೂ ಅಲ್ಲಿ ಮೇಣದಬತ್ತಿಯ ಹರಕೆ ಸಲ್ಲಿಸುತ್ತ ಬಂದಿದ್ದಾರೆ.