ಕೊಟ್ಟೆಯೊಳಗಿನ ಬೆಟ್ಟ

ಏಳು ಪಾಲು ಮೇಲ್ಮಣ್ಣು, ಮೂರು ಪಾಲು ಒಣಗಿಸಿ ಪುಡಿ ಮಾಡಿದ ಕೊಟ್ಟಿಗೆ ಗೊಬ್ಬರ, ಎರಡು ಪಾಲು ಮರಳು. ಅಡಿಕೆ ಸಸಿಯ ಕೊಟ್ಟೆ, ಅಂದರೆ ಪ್ಲಾಸ್ಟಿಕ್ ಚೀಲ, ತುಂಬಲು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಕೊಡುವ ಲೆಕ್ಕ ಇದು. ಆ ಸಂಸ್ಥೆ ಹುಟ್ಟಿದ್ದು 1970ರಲ್ಲಿ. ಅಡಿಕೆಗೆಂದೇ ವಿಟ್ಲದಲ್ಲಿ ಸಂಶೋಧನಾ ಕೇಂದ್ರ ಬಂದದ್ದು 1956ರಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರು ಅದಕ್ಕೂ ಎಷ್ಟೋ ತಲೆಮಾರು ಮೊದಲಿನಿಂದ ಸಸಿ ಎಬ್ಬಿಸುತ್ತ ಬಂದವರು. ಅವರಿಗೆ ಪಾಲಿನ ಲೆಕ್ಕ ಬೇಕಿರಲಿಲ್ಲ, ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಉಂಡೆ ನಿಲ್ಲದೆ ಉದುರಿದರೆ ಮಣ್ಣು ಹದವಾಯಿತು ಅಷ್ಟೆ.

ಟಿಪ್ಪು ಬಿದ್ದ ಎರಡು ವರ್ಷಕ್ಕೆ, 1801ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಈ ಸೀಮೆಗೆ ಬಂದ. ಸೋಂದೆ, ಶಿರಸಿ ಸುತ್ತಿನ ಕಣಿವೆಗಳಲ್ಲಿ ಹವ್ಯಕರ ತೋಟ ಕಂಡ. ಅಡಿಕೆ, ಅದರ ಮೈಗೆ ಹಬ್ಬಿದ ಮೆಣಸಿನ ಬಳ್ಳಿ, ನಡುನಡುವೆ ಏಲಕ್ಕಿ, ಬಾಳೆ. ಆ ಹೊತ್ತಿಗೇ ಇದು ಪಳಗಿದ ಕಸುಬು.

ಸಸಿ ಎಬ್ಬಿಸುವ ಕೆಲಸ ಬೀಜ ಆರಿಸುವುದರಿಂದ ಶುರು. ನಡುವಯಸ್ಸಿನ, ಪ್ರತಿವರ್ಷ ಫಲ ಬಿಡುವ ಮರದ ಹಣ್ಣಡಿಕೆಯೇ ಬೇಕು. ನೀರಿಗೆ ಹಾಕಿದರೆ ತೊಟ್ಟು ಮೇಲಾಗಿ ನೆಟ್ಟಗೆ ತೇಲುವುದು ಒಳ್ಳೆಯ ಬೀಜ, ಅಡ್ಡ ಮಲಗುವುದನ್ನು ಬಿಡಬೇಕು. ಅಡಿಕೆ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿ ಇಡುವ ಹಾಗಿಲ್ಲ. ಒಣಗಿದರೆ ಸತ್ತಿತು. ಆರಿಸಿದ ಕೂಡಲೇ ಮರಳಿನ ಮಡಿಯಲ್ಲಿ ತೊಟ್ಟು ಮೇಲೆ ಮಾಡಿ ಒತ್ತಾಗಿ ಊರಬೇಕು, ಮರಳು ಬೀಜವನ್ನು ಮುಚ್ಚಿದರೆ ಸಾಕು. ಮೊಳಕೆ ಕಾಣಲು ಒಂದೂವರೆ ತಿಂಗಳಾದರೂ ಬೇಕು. ಎರಡು ಮೂರು ಎಲೆ ಬಂದ ಮೇಲೆ ಕೊಟ್ಟೆಗೋ ಎರಡನೇ ಮಡಿಗೋ ಸಾಗಣೆ. ಮಣ್ಣಿನ ಪರೀಕ್ಷೆ ನಡೆಯುವುದು ಅಲ್ಲಿ. ಮರಳು ಕಡಿಮೆಯಾದರೆ ಮಳೆಗಾಲದಲ್ಲಿ ನೀರು ಕಟ್ಟಿ ಬೇರು ಕೊಳೆಯುತ್ತದೆ, ಗೊಬ್ಬರ ಹಸಿಯಿದ್ದರೆ ಸಸಿ ಸುಟ್ಟುಹೋಗುತ್ತದೆ.

ಮರಳು ಹಳ್ಳದ್ದು, ಮಣ್ಣು ಹಿತ್ತಿಲದ್ದು. ಗೊಬ್ಬರ ಎಲ್ಲಿಯದು? ಕೊಟ್ಟಿಗೆಯದು ಎಂಬುದು ಅರ್ಧ ಉತ್ತರ. ಮಳೆಗಾಲದಲ್ಲಿ ದನದ ಕಾಲಡಿಗೆ ಹಸಿಸೊಪ್ಪು, ಬೇಸಿಗೆಯಲ್ಲಿ ದರಕು ಅಂದರೆ ಉದುರಿದ ಒಣ ಎಲೆ. ಸಗಣಿ ಗಂಜಳದಲ್ಲಿ ತುಳಿದು ಕಲೆತ ಈ ಹಾಸು ಗೊಬ್ಬರಗುಂಡಿಯಲ್ಲಿ ತಿಂಗಳುಗಟ್ಟಲೆ ಕೊಳೆತರೆ ಗೊಬ್ಬರ. ಸೊಪ್ಪು, ದರಕು ಎರಡೂ ಬರುವುದು ಸೊಪ್ಪಿನಬೆಟ್ಟದಿಂದ, ತೋಟಕ್ಕೆಂದು ಬಿಟ್ಟ ಕಾಡಿನಿಂದ. ಹಾಗಾಗಿ ಇಲ್ಲಿ ಸಸಿಮಣ್ಣಿನ ಚರಿತ್ರೆ ಹೇಳಹೊರಟವರಿಗೆ ಅರಣ್ಯ ಕಾಯ್ದೆಯ ಚರಿತ್ರೆ ಹೇಳದೆ ಗತ್ಯಂತರವಿಲ್ಲ.

1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆಯ ಬಲದಲ್ಲಿ ಕಾಡಿಗೆ ಗಡಿಕಲ್ಲು ಬಿದ್ದವು. ಸರ್ಕಾರದ ಕಣ್ಣು ಸಾಗುವಾನಿಯ ಮೇಲೆ, ತೋಟಿಗನ ಕಣ್ಣು ಸೊಪ್ಪಿನ ಮೇಲೆ. ಆದರೆ ಅಡಿಕೆ ತೋಟದ ಕಂದಾಯವನ್ನು ಕೈಬಿಡಲು ಸರ್ಕಾರಕ್ಕೂ ಮನಸ್ಸಿಲ್ಲ. ಸೊಪ್ಪಿಲ್ಲದೆ ತೋಟವಿಲ್ಲ, ತೋಟವಿಲ್ಲದೆ ಕಂದಾಯವಿಲ್ಲ. ಈ ಲೆಕ್ಕಾಚಾರದಲ್ಲಿ ಬೆಟ್ಟದ ಸವಲತ್ತು ಗಟ್ಟಿಯಾಯಿತು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಭೂಮಿ ಸರ್ಕಾರದ್ದು, ಸೊಪ್ಪು, ದರಕು, ಹುಲ್ಲು ತೋಟಿಗನದು. ದಯೆಯಿಂದ ಬಂದ ಸವಲತ್ತು ಇದಲ್ಲ, ಆದರೂ ಇದಿಲ್ಲದಿದ್ದರೆ ಇವತ್ತಿನ ತೋಟಪಟ್ಟಿಯೇ ಇರುತ್ತಿರಲಿಲ್ಲ. ಮುಂದೆ 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಬಳಿಯ ಕಳಾಸೆ ಕಾಡಿನಲ್ಲಿ ಊರವರು ಮರ ಅಪ್ಪಿಕೊಂಡು ಕೊಡಲಿ ತಡೆದರಲ್ಲ, ಆ ಅಪ್ಪಿಕೋ ಚಳವಳಿಯ ಹಿಂದೆಯೂ ಸೊಪ್ಪು, ನೀರಿನ ಆತಂಕವಿತ್ತು.

ಅಡಿಕೆ ಗಂಡಸರ ಲೆಕ್ಕಪುಸ್ತಕಕ್ಕೆ ಬಂತು. ಹಿತ್ತಿಲ ತರಕಾರಿ ಯಾವ ಪುಸ್ತಕಕ್ಕೂ ಬರಲಿಲ್ಲ. ಮಳೆ ಹಿಡಿಯುವ ಮುಂಚೆ ಮೊಗೆ, ಸೌತೆ, ಹೀರೆ, ಬದನೆಗೆ ಮಣ್ಣು ಕಲೆಸಿದವರು ಹೆಂಗಸರು. ಗೊಬ್ಬರಗುಂಡಿಯ ತಳದ ಕರಿ ಗೊಬ್ಬರ, ಸೋಸಿದ ಮಣ್ಣು, ಬಚ್ಚಲ ಒಲೆಯ ಬೂದಿ ಒಂದು ಹಿಡಿ. ಬೂದಿ ಹೆಚ್ಚಾದರೆ ಮೊಳಕೆಗೆ ಕೇಡು ಎಂಬುದು ಅತ್ತೆಯಿಂದ ಸೊಸೆಗೆ ಬಂದ ಪಾಠ. ಸೌತೆಯ ಬೀಜವನ್ನು ಸಗಣಿಯೊಂದಿಗೆ ಗೋಡೆಗೆ ಮೆತ್ತಿಟ್ಟರೆ ಮುಂದಿನ ಮಳೆಗಾಲದವರೆಗೆ ಹುಳ ಮುಟ್ಟದು. 2001ರಲ್ಲಿ ಸುನೀತಾ ರಾವ್ ಅವರ ಮುಂದಾಳತ್ವದಲ್ಲಿ ಶಿರಸಿಯಲ್ಲಿ ಶುರುವಾದ ‘ವನಸ್ತ್ರೀ’, ಇಂಥ ಹಿತ್ತಿಲ ಬೀಜಗಳನ್ನೂ ಅವನ್ನು ಕಾದ ಹೆಂಗಸರನ್ನೂ ಒಂದೆಡೆ ತಂದಿತು.

ಕರಾವಳಿ, ಕಾಸರಗೋಡಿನ ಕಡೆ ಇನ್ನೊಂದು ಪದ್ಧತಿ ಇದೆ, ಸುಡುಮಣ್ಣು. ಒಣ ಸೊಪ್ಪು ಕಡ್ಡಿ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಬೆಂಕಿ ಕೊಟ್ಟು ಒಳಗೊಳಗೇ ಹೊಗೆಯಾಡಲು ಬಿಡುತ್ತಾರೆ. ಬೆಂದ ಮಣ್ಣಿನಲ್ಲಿ ಕಳೆಬೀಜ, ಹುಳು, ಎಳೆ ಸಸಿಯ ಬುಡ ಕೊಳೆಸುವ ಶಿಲೀಂಧ್ರ ಉಳಿಯುವುದಿಲ್ಲ. ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯಲ್ಲಿ ಲಾರೆನ್ಸ್ ಮತ್ತು ನ್ಯೂವೆಲ್ 1930ರ ದಶಕದಲ್ಲಿ ಮಾಡಿದ ಕೆಲಸದ ತಿರುಳೂ ಇದೇ. ಮಣ್ಣನ್ನು ಹಬೆಯಲ್ಲಿ ಕಾಯಿಸಿ, ಅದರ ಎರಡು ಪಾಲಿಗೆ ಪೀಟ್ ಒಂದು ಪಾಲು, ಮರಳು ಒಂದು ಪಾಲು ಬೆರೆಸಿ ಬೀಜ ಹಾಕುವ ಮಿಶ್ರಣ ಮಾಡಿದರು. 1939ರಲ್ಲಿ ಅದು ಪುಸ್ತಕವಾಗಿ ಲೋಕಕ್ಕೆಲ್ಲ ತಿಳಿಯಿತು. ಸುಡುಮಣ್ಣಿಗೆ ಪುಸ್ತಕ ಬರೆದವರಿಲ್ಲ.

2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. ಅದರ ವ್ಯಾಪ್ತಿ ಶಿರಸಿ, ಸಿದ್ದಾಪುರ, ಯಲ್ಲಾಪುರ, ಇದೇ ಮೂರು ತಾಲೂಕು. ಅಡಿಕೆಗೆ ಊರಿನ ಹೆಸರು ಗಟ್ಟಿಯಾದ ಕಾಲದಲ್ಲೇ ಸಸಿಮಣ್ಣು ಮಾತ್ರ ಊರು ಬಿಡತೊಡಗಿದೆ. ಕೊಟ್ಟಿಗೆಯಲ್ಲಿ ದನ ಕಡಿಮೆ, ಬಯಲುಸೀಮೆಯ ಕುರಿಗೊಬ್ಬರ ಲಾರಿಯಲ್ಲಿ ಬರುತ್ತದೆ. ಹಳ್ಳದ ಮರಳಿಗೆ ಕಾನೂನಿನ ಕಾವಲು. ಅಂಗಡಿಯಲ್ಲಿ ಕೊಕೊಪೀಟ್ ಇಟ್ಟಿಗೆ ಸಿಗುತ್ತದೆ, ತೊಳೆಯದೆ ಬಳಸಿದರೆ ಅದರ ಉಪ್ಪಿನಂಶ ಎಳೆ ಬೇರಿಗೆ ಏಟು. ಮೆಣಸಿನ ಕುಡಿಗಳನ್ನು ಪ್ಲಾಸ್ಟಿಕ್ ಟ್ರೇಗಳಲ್ಲಿ ಬೇರು ಬರಿಸುವವರಿಗೆ ವಿಜ್ಞಾನಿಗಳು ಹೇಳುವುದು ಕೊಳೆಸಿದ ತೆಂಗಿನ ನಾರಿನ ಪುಡಿ 75 ಪಾಲು, ಎರೆಗೊಬ್ಬರ 25 ಪಾಲು, ಜತೆಗೆ ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರ. ಮುಕ್ಕಾಲು ಪಾಲು ಹೊರಗಿನಿಂದ ತಂದರೂ ಆ ಕಾಲು ಪಾಲಿನ ಎರೆಗೊಬ್ಬರಕ್ಕೆ ದರಕು ಆಗುತ್ತದೆ. ಬೆಟ್ಟದಲ್ಲಿ ಅದೇನೂ ಕಡಿಮೆ ಬೀಳುವುದಿಲ್ಲ, ಗುಡಿಸಿ ಹೊರೆ ಕಟ್ಟಲು ಆಳು ಸಿಗಬೇಕು.