ವಾಲಗದ ಜಾಗದಲ್ಲಿ ಚೀನೀ ತಂತಿ

ಹೋಳೂರಿನ ನಂಟರ ಮನೆಯಲ್ಲಿ ಈಚೆಗೆ ಒಂದು ಮದುವೆಯ ವಿಡಿಯೋ ನೋಡಿದೆ. ವಾಲಗದವರು ಕೆನ್ನೆಯುಬ್ಬಿಸಿ ಊದುತ್ತಿದ್ದಾರೆ, ಡೋಲಿನವನ ಕೈ ಆಡುತ್ತಿದೆ. ಕಿವಿಗೆ ಬೀಳುತ್ತಿದ್ದುದು ಮಾತ್ರ ಬೇರೊಂದು ನಾದ. ಪಿಟೀಲೆನ್ನಲು ತುಸು ಮೂಗಿನ ದನಿ, ಸಾರಂಗಿಯೆನ್ನಲು ತೀರ ತೆಳುವು. ಅದು ಚೀನದ ಅರ್‌ಹು ಎಂಬ ವಾದ್ಯ. ಚಿತ್ರ ತೆಗೆದ ಹುಡುಗನನ್ನು ಕೇಳಿದೆ.

“ಹಿನ್ನೆಲೆಗೆ ಇರಲಿ ಅಂತ ಹಾಕಿದೆ, ಸಾರ್. ಯಾರದೋ ಏನೋ.”

ಯಾರದೆಂದು ನನಗೆ ಗೊತ್ತಿತ್ತು. ಅರ್‌ಹುವಿಗೆ ಎರಡೇ ತಂತಿ. ಕಮಾನಿನ ಕೂದಲು ಅವೆರಡರ ನಡುವೆಯೇ ಸಿಕ್ಕಿಕೊಂಡಿರುತ್ತದೆ. ಬುಡದ ಪುಟ್ಟ ಡಬ್ಬಿಗೆ ಹೆಬ್ಬಾವಿನ ಚರ್ಮ. ವೂಶಿ ಎಂಬ ಊರಿನಲ್ಲಿ 1893ರಲ್ಲಿ ಹುಟ್ಟಿದ ಹ್ವಾ ಯೆನ್‌ಜುನ್ ಇದನ್ನು ಬೀದಿಯಲ್ಲಿ ನುಡಿಸಿ ಹೊಟ್ಟೆ ಹೊರೆದವನು. ತಂದೆ ತಾವೋ ಗುಡಿಯ ಅರ್ಚಕ, ವಿದ್ಯೆ ಅಲ್ಲಿಯದೇ. ನಡುವಯಸ್ಸಿಗೆ ಬರುವ ಹೊತ್ತಿಗೆ ಎರಡು ಕಣ್ಣೂ ಹೋಗಿದ್ದುವು. ಜನ ಕರೆಯುತ್ತಿದ್ದುದು ‘ಕುರುಡ ಆಬಿಂಗ್’ ಎಂದು.

1950ರಲ್ಲಿ ಅದೇ ಊರಿನವರಾದ ಸಂಗೀತ ವಿದ್ವಾಂಸ ಯಾಂಗ್ ಯಿನ್‌ಲ್ಯೂ, ಉಕ್ಕಿನ ತಂತಿಯ ಮೇಲೆ ಧ್ವನಿ ಹಿಡಿಯುವ ಯಂತ್ರವನ್ನು ತಂದು ಅವನ ಮುಂದಿಟ್ಟರು. ಅವನೋ ವಾದ್ಯ ಮುಟ್ಟಿ ಬಹುಕಾಲವಾಗಿತ್ತು. ಎರವಿನ ವಾದ್ಯವನ್ನೇ ಕೈಗೆ ಕೊಡಬೇಕಾಯಿತು. ಅರ್‌ಹುವಿನಲ್ಲಿ ಮೂರು, ಪೀಪಾ ಎಂಬ ಮೀಟುವಾದ್ಯದಲ್ಲಿ ಮೂರು, ಒಟ್ಟು ಆರು ಕೃತಿಗಳು ದಾಖಲಾದುವು. ಅವುಗಳಲ್ಲಿ ಒಂದಕ್ಕೆ ಹೆಸರೇ ಇರಲಿಲ್ಲ. ನಮ್ಮ ಕೋಲಾರಕ್ಕೆ ಅಂತರಗಂಗೆಯಿರುವಂತೆ ವೂಶಿಗೂ ಬೆಟ್ಟದ ಬುಡದಲ್ಲೊಂದು ಚಿಲುಮೆಯುಂಟು. ಚಹ ಕಾಸುವ ನೀರಿನಲ್ಲಿ ನಾಡಿಗೇ ಎರಡನೆಯದೆಂದು ಹಳೆಯ ಖ್ಯಾತಿ. ‘ಎರಡನೆಯ ಚಿಲುಮೆಯಲ್ಲಿ ಚಂದ್ರಬಿಂಬ’ ಎಂದು ಆ ಕೃತಿಗೆ ಹೆಸರಾಯಿತು. ಕಣ್ಣಿಲ್ಲದವನ ರಾಗಕ್ಕೆ ಬೆಳುದಿಂಗಳ ಹೆಸರು! ಅದೇ ವರ್ಷದ ಡಿಸೆಂಬರಿನಲ್ಲಿ ಆತ ತೀರಿಕೊಂಡ. ಕೆಲವು ತಿಂಗಳು ತಡವಾಗಿದ್ದರೆ ಆ ಕೈಯ ನಾದ ಯಾರಿಗೂ ಉಳಿಯುತ್ತಿರಲಿಲ್ಲ. ಮುಂದೆ ಅದು ದೊಡ್ಡ ವಾದ್ಯಮೇಳಗಳನ್ನು ಸೇರಿತು, ದೇಶ ದಾಟಿತು, ಕಡೆಗೆ ಹೀಗೆ ಹೋಳೂರಿನ ಧಾರೆಗೂ ಬಂತು. ಬಂದದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ತುಂಬಿದ ಚಪ್ಪರದಲ್ಲಿ ಆ ಒಂಟಿ ದುಃಖ ಏಕೆ?

ಇಷ್ಟೆಲ್ಲ ಹೇಳಿ, “ವಾಲಗದವರು ಯಾವ ಊರಿನವರಪ್ಪ?” ಎಂದೆ. ಹುಡುಗನಿಗೆ ಅದೂ ತಿಳಿಯದು. ಪುಣ್ಯಕ್ಕೆ ಮೂಲ ಧ್ವನಿಯನ್ನು ಅಳಿಸಿರಲಿಲ್ಲ. ಹಾಕಿಸಿ ಕೇಳಿದೆವು. ಪಾತ್ರೆಯ ಸದ್ದು, ಮಗುವಿನ ಅಳು, ಯಾರೋ ಯಾರನ್ನೋ ಊಟಕ್ಕೆ ಕೂಗುವುದು. ಇವೆಲ್ಲದರ ನಡುವೆ ನಾಗಸ್ವರ, ತುಸು ಉಸಿರು ಕಟ್ಟಿದಂತಿದ್ದರೂ, ಶ್ರುತಿಯಲ್ಲೇ ಇತ್ತು. ಒಳಗಿದ್ದ ಅಜ್ಜಿ ಎದ್ದು ಬಂದು ಬಾಗಿಲಲ್ಲಿ ನಿಂತರು.