ವೃತ್ತಿಬಳಲಿಕೆ, ಮಾನಸಿಕ ಆರೋಗ್ಯ ಸಿಬ್ಬಂದಿಯಲ್ಲಿ

ಮನೋವೈದ್ಯರು, ಚಿಕಿತ್ಸಾ ಮನೋವಿಜ್ಞಾನಿಗಳು, ದಾದಿಯರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಹಾಗೂ ಆಪ್ತಸಮಾಲೋಚಕರಲ್ಲಿ ಕೆಲಸದ ದೀರ್ಘಕಾಲಿಕ ಒತ್ತಡದಿಂದ ಉಂಟಾಗುವ ಬಳಲಿಕೆಯ ಸ್ಥಿತಿ (ಬರ್ನ್‌ಔಟ್). ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣದ 11ನೆಯ ಆವೃತ್ತಿ ಇದನ್ನು ರೋಗವೆಂದಲ್ಲದೆ, ವೃತ್ತಿಸಂಬಂಧಿ ವಿದ್ಯಮಾನವೆಂದು ಪರಿಗಣಿಸಿದೆ.

ಪರಿಕಲ್ಪನೆ: ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಇದನ್ನು ವಿವರಿಸಿದ. ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಇದರ ಮಾಪನ ಪ್ರಶ್ನಾವಳಿಯನ್ನು ಪ್ರಕಟಿಸಿದರು.

ಲಕ್ಷಣಗಳು: ಭಾವನಾತ್ಮಕ ಬರಿದಾಗುವಿಕೆ, ರೋಗಿಗಳ ಬಗೆಗೆ ನಿರ್ಲಿಪ್ತ ಧೋರಣೆ, ಸಾಧನೆಯ ಭಾವ ಕುಗ್ಗುವುದು. ನಿದ್ರಾಭಂಗ, ಸಿಡುಕುತನ, ಗೈರುಹಾಜರಿಗಳೂ ಕಾಣಬರುತ್ತವೆ. ಪರರ ಸಂಕಟ ಕೇಳಿ ಉಂಟಾಗುವ ಪರೋಕ್ಷ ಆಘಾತ ಮತ್ತು ಅನುಕಂಪದ ದಣಿವು ಇದಕ್ಕೆ ಹತ್ತಿರವಾದರೂ ಭಿನ್ನ ಪರಿಕಲ್ಪನೆಗಳು.

ಕಾರಣಗಳು: ರೋಗಿಗಳ ಸಂಖ್ಯಾಧಿಕ್ಯ, ಸಿಬ್ಬಂದಿಯ ಕೊರತೆ, ಹಿಂಸೆಯ ಭಯ, ರೋಗಿಯ ಆತ್ಮಹತ್ಯೆಯ ಆಘಾತ, ದಾಖಲೆ ಕೆಲಸದ ಹೊರೆ, ನಿರ್ಧಾರ ಸ್ವಾತಂತ್ರ್ಯದ ಅಭಾವ. ವೃತ್ತಿಪರರೇ ನೆರವು ಕೇಳಲು ಹಿಂಜರಿಯುವುದರಿಂದ ಸ್ಥಿತಿ ಉಲ್ಬಣಿಸುತ್ತದೆ.

ನಿವಾರಣೆ: ಹಿರಿಯರ ನಿಯತ ಮಾರ್ಗದರ್ಶನ, ಸಹೋದ್ಯೋಗಿಗಳ ಬೆಂಬಲ ಗುಂಪು, ರಜೆ, ವ್ಯಾಯಾಮ, ಧ್ಯಾನ, ಅಗತ್ಯವಿದ್ದಲ್ಲಿ ಸ್ವತಃ ಚಿಕಿತ್ಸೆ. ವೈಯಕ್ತಿಕ ಕ್ರಮಗಳ ಜೊತೆಗೆ ಕೆಲಸದ ಹಂಚಿಕೆ, ಪಾಳಿ ಮತ್ತು ಸುರಕ್ಷತೆಯಲ್ಲಿ ಸಾಂಸ್ಥಿಕ ಸುಧಾರಣೆ ಅವಶ್ಯ.

ಮಹತ್ವ: ಬಳಲಿಕೆಯು ಆರೈಕೆಯ ಗುಣಮಟ್ಟವನ್ನು ತಗ್ಗಿಸಿ, ಅನುಭವಿಗಳು ವೃತ್ತಿ ತೊರೆಯಲು ಕಾರಣವಾಗುತ್ತದೆ. ತಜ್ಞರ ಕೊರತೆಯಿರುವ ಭಾರತದಲ್ಲಿ ಈ ನಷ್ಟ ಇನ್ನಷ್ಟು ಗಂಭೀರ: ಇಲ್ಲಿ ಲಕ್ಷ ಜನಸಂಖ್ಯೆಗೆ ಸುಮಾರು 0.75ರಷ್ಟು ಮನೋವೈದ್ಯರಿದ್ದು, ಇರಬೇಕಾದ ಪ್ರಮಾಣವನ್ನು 3 ಎಂದು ಅಂದಾಜಿಸಲಾಗಿದೆ.